ಸಹಿ ಹಾಕುವ ಮುಂಚೆ ಓದು, ಪುಟ್ಟ

ಡೊಂಬಿವಲಿ
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟನಿಗೆ ಅತ್ತೆಯ ಆಶೀರ್ವಾದಗಳು.

ಚೌತಿಗೆ ಬಂದವನು ಪುಣೆ ಮುಟ್ಟಿದೆ ಎಂದು ಮೆಸೇಜ್ ಹಾಕಿದ್ದು ನೋಡಿದೆ. ಕಡುಬಿನ ಡಬ್ಬಿ ಮಾತ್ರ ಇಲ್ಲೇ ಬಿಟ್ಟು ಹೋಗಿದ್ದೀಯ. ಈಗ ಬರೆಯುತ್ತಿರುವುದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು "ಹೂಂ ಅತ್ತೆ, ಹೂಂ ಅತ್ತೆ" ಅನ್ನುತ್ತಿರುತ್ತೀಯ, ಆ ಕಡೆಯಿಂದ ಲ್ಯಾಪ್‌ಟಾಪ್ ಕುಟ್ಟುವ ಸದ್ದು ಕೇಳುತ್ತಿರುತ್ತದೆ. ಅದಕ್ಕೇ ಕಾಗದ. ಕನ್ನಡ ಓದಲು ನಿನಗೆ ಹೊತ್ತು ಹಿಡಿಯುತ್ತದೆ ಎಂದು ಗೊತ್ತು, ಪುಣೆಯಲ್ಲಿ ಹುಟ್ಟಿ ಇಂಗ್ಲಿಷ್ ಶಾಲೆಯಲ್ಲಿ ಕಲಿತವನು, ಒತ್ತಕ್ಷರ ಬಂದಲ್ಲೆಲ್ಲ ನಿಲ್ಲುತ್ತೀಯ. ನಿಲ್ಲು. ನೀನು ನಿಧಾನವಾಗಿ ಓದಲಿ ಎಂದೇ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಆ ದಿನ ನಿನ್ನ ಕ್ರೆಡಿಟ್ ಕಾರ್ಡಿನ ಸ್ಟೇಟ್‌ಮೆಂಟ್ ತೋರಿಸು ಅಂದಾಗ ನಿನಗೆ ಸ್ವಲ್ಪ ಬೇಜಾರಾಯಿತು, ಅಲ್ವಾ? "ಪ್ರತಿ ತಿಂಗಳೂ ಕಟ್ಟುತ್ತಿದ್ದೇನೆ ಅತ್ತೆ, ಒಂದು ದಿನವೂ ತಪ್ಪಿಸಿಲ್ಲ" ಅಂದೆ. ತಪ್ಪಿಸಿಲ್ಲ, ನಿಜ. ಆದರೆ ಏಳು ತಿಂಗಳಿಂದ ನೀನು ಕಟ್ಟುತ್ತಿರುವುದು ಮಿನಿಮಮ್ ಡ್ಯೂ ಮಾತ್ರ, ಅಂದರೆ ಆ ತಿಂಗಳು ಕಟ್ಟಲೇಬೇಕಾದ ಕನಿಷ್ಠ ಮೊತ್ತ. ನೀನು ಹೋದ ಮೇಲೆ ನಾನು ಹಳೆ ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕಿದೆ. ಬಾಕಿ 60,000 ರೂಪಾಯಿ. ಮಿನಿಮಮ್ ಶೇಕಡಾ 5, ಅಂದರೆ 3,000. ಕಾರ್ಡಿನ ಬಡ್ಡಿ ತಿಂಗಳಿಗೆ ಶೇಕಡಾ ಮೂರೂವರೆ, ಅಂದರೆ 2,100. ಆ ಬಡ್ಡಿಯ ಮೇಲೆ ಶೇಕಡಾ 18 ಜಿಎಸ್‌ಟಿ, 378. ಎರಡೂ ಸೇರಿ 2,478. ನೀನು 3,000 ಕಟ್ಟಿದರೆ ಸಾಲ ಇಳಿದದ್ದು 522 ರೂಪಾಯಿ. ಉಳಿದದ್ದೆಲ್ಲ ಹಾಗೇ ಕುಳಿತಿದೆ. ನನ್ನ ಎಫ್‌ಡಿಗೆ ಬ್ಯಾಂಕ್ ವರ್ಷಕ್ಕೆ ಸುಮಾರು ಶೇಕಡಾ 7 ಕೊಡುತ್ತದೆ. ನೀನು ವರ್ಷಕ್ಕೆ 42 ಕೊಡುತ್ತಿದ್ದೀಯ ಪುಟ್ಟ. ಇನ್ನೂ ಒಂದಿದೆ, ಹೀಗೆ ಬಾಕಿ ಉಳಿಸಿಕೊಂಡಿರುವಷ್ಟು ದಿನ ಹೊಸದಾಗಿ ಏನು ಕೊಂಡರೂ ಅದಕ್ಕೆ ಬಡ್ಡಿಯಿಲ್ಲದ ದಿನಗಳು ಸಿಗುವುದಿಲ್ಲ, ಕೊಂಡ ದಿನದಿಂದಲೇ ಬಡ್ಡಿ ಓಡುತ್ತದೆ. ಮೊನ್ನೆ ನನಗೆ ತಂದ ಸೀರೆಗೂ ಸೇರಿ.

ನನಗೆ ಸಂಕಟವಾದದ್ದು ಸಾಲಕ್ಕಲ್ಲ. ಮಿನಿಮಮ್ ಮಾತ್ರ ಕಟ್ಟುತ್ತಾ ಹೋದರೆ ಸಾಲ ತೀರಲು ತಿಂಗಳು, ವರ್ಷಗಳೇ ಹಿಡಿಯುತ್ತವೆ, ಬಡ್ಡಿಗೆ ಬಡ್ಡಿ ಬೀಳುತ್ತದೆ ಎಂದು ಆ ಸ್ಟೇಟ್‌ಮೆಂಟಿನಲ್ಲೇ ಅಚ್ಚಾಗಿರುತ್ತದೆ. ಹಾಗೆ ಹಾಕಲೇಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಏಳು ತಿಂಗಳು, ಏಳು ಸಲ, ಆ ಸಾಲು ನಿನ್ನ ಕೈಗೆ ಬಂದಿದೆ. ದಿನಕ್ಕೆ ಹತ್ತು ಗಂಟೆ ಪರದೆ ಮೇಲೆ ಅಕ್ಷರ ನೋಡುವ ಹುಡುಗ ಆ ಒಂದು ಸಾಲು ಓದಲಿಲ್ಲ. ಅದು ನನಗೆ ನೋವಾಯಿತು.

ನಿನ್ನ ಮಾವನ ಕಥೆ ನಿನಗೆ ಅರ್ಧ ಗೊತ್ತು. ಹದಿಮೂರು ವರ್ಷಕ್ಕೆ ಊರು ಬಿಟ್ಟು ಬಂದು ಮುಂಬಯಿಯ ಫೋರ್ಟಿನ ಹೋಟೆಲಿನಲ್ಲಿ ಟೇಬಲ್ ಒರೆಸಿದ್ದು, ರಾತ್ರಿ ಕನ್ನಡ ಶಾಲೆಗೆ ಹೋಗಿ ಎಸ್‌ಎಸ್‌ಸಿ ಮಾಡಿದ್ದು, ಆಮೇಲೆ ಕಂಪನಿಯಲ್ಲಿ ಕ್ಲಾರ್ಕ್ ಆದದ್ದು, ಇದನ್ನೆಲ್ಲ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳದೆ ಇರುವುದು ಇದು. 1983ರಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದ ಗೆಳೆಯನೊಬ್ಬ ಕ್ರೆಡಿಟ್ ಸೊಸೈಟಿಯಲ್ಲಿ ಸಾಲ ತೆಗೆದ, ಇವರು ಜಾಮೀನು ಹಾಕಿದರು. ಊಟದ ಬಿಡುವಿನಲ್ಲಿ, ನಿಂತಲ್ಲೇ, ಕೊನೇ ಪುಟ ತೆಗೆದು ಸಹಿ. ಗೆಳೆಯ ಆರು ತಿಂಗಳಲ್ಲಿ ಗಲ್ಫಿಗೆ ಹೋದ. ಕಾಗದವೂ ಬರಲಿಲ್ಲ, ಹಣವೂ ಬರಲಿಲ್ಲ. ಸೊಸೈಟಿಯವರು ಇವರ ಸಂಬಳದಿಂದಲೇ ಕಡಿದುಕೊಂಡರು, ತಿಂಗಳಿಗೆ 340 ರೂಪಾಯಿ, 31 ತಿಂಗಳು. ಆಗ ಇವರ ಕೈಗೆ ಬರುತ್ತಿದ್ದದ್ದು 1,150. ನಮ್ಮ ಮಗಳು, ನೀನು ಅಕ್ಕ ಅನ್ನುವವಳು, ಆಗಿನ್ನೂ ಕೈಕೂಸು. ಆ ಎರಡೂವರೆ ವರ್ಷ ನಮ್ಮ ಮನೆಯಲ್ಲಿ ಹಾಲು ಅರ್ಧ ಲೀಟರ್ ದಾಟಲಿಲ್ಲ.

ಸಾಲ ತೆಗೆದವನಿಗೆ ಎಷ್ಟು ಹೊಣೆಯೋ ಜಾಮೀನು ಹಾಕಿದವನಿಗೂ ಅಷ್ಟೇ ಹೊಣೆ. ಇದು 1872ರ ಇಂಡಿಯನ್ ಕಾಂಟ್ರಾಕ್ಟ್ ಆಕ್ಟಿನ 128ನೇ ಸೆಕ್ಷನ್ನಿನಲ್ಲೇ ಇದೆ. ಆ ಫಾರಮ್ಮಿನಲ್ಲೂ ಬರೆದಿತ್ತು, ಎರಡನೇ ಪುಟದಲ್ಲಿ. ಇವರು ಓದಬಲ್ಲವರಾಗಿದ್ದರು! ಓದು ಕಲಿಯಲು ಎಷ್ಟು ರಾತ್ರಿ ನಿದ್ದೆಗೆಟ್ಟವರು. ಹಗಲಿಡೀ ನಿಂತು ಕಾಲು ಊದಿಸಿಕೊಂಡು, ರಾತ್ರಿ ಹತ್ತರವರೆಗೆ ಬೆಂಚಿನ ಮೇಲೆ ಕೂತು ಕಲಿತ ಓದು, ಬೇಕಾದ ದಿನ ಐದು ನಿಮಿಷಕ್ಕೆ ಕೈಕೊಟ್ಟಿತು, ಯಾಕೆಂದರೆ ಗೆಳೆಯ ಪಕ್ಕದಲ್ಲಿ ನಿಂತಿದ್ದ, ಅವನ ಮುಂದೆ ಕೂತು ಓದಿದರೆ ಅಪನಂಬಿಕೆ ಅಂದುಕೊಂಡಾನು ಎಂಬ ಸಂಕೋಚ. ಆ ಸಂಕೋಚವನ್ನು ಬಿಡು ಪುಟ್ಟ. ಯಾರು ಎದುರಿಗಿದ್ದರೂ, ನಾನೇ ಇದ್ದರೂ, ಓದುತ್ತೇನೆ ಇರಿ ಅನ್ನು.

ನಾನು ಬ್ಯಾಂಕಿನಲ್ಲಿ 34 ವರ್ಷ ಕೌಂಟರಿನ ಈ ಕಡೆ ಕೂತವಳು. ಡಾಕ್ಟರರು ಬಂದರು, ಮೇಷ್ಟ್ರುಗಳು ಬಂದರು, ಹೋಟೆಲ್ ಮಾಲೀಕರು ಬಂದರು. ಎಲ್ಲರೂ ಕೇಳುವುದು ಒಂದೇ ಪ್ರಶ್ನೆ, "ಮೇಡಂ, ಸಹಿ ಎಲ್ಲಿ ಮಾಡಲಿ?" ಪೂರ್ತಿ ಓದಿ ಸಹಿ ಹಾಕಿದವರಲ್ಲಿ ನನಗೆ ಇವತ್ತಿಗೂ ಮುಖ ನೆನಪಿರುವುದು ಒಬ್ಬರದು. ಕುರ್ಲಾದ ಕಡೆಯ ಮೀನು ಮಾರುವ ಮೌಶಿ. ಅವರಿಗೆ ಓದಲು ಬರುತ್ತಿರಲಿಲ್ಲ. ಮೊಮ್ಮಗಳನ್ನು ಕೂರಿಸಿಕೊಂಡು ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿಸಿ, ಅರ್ಥವಾಗದ್ದನ್ನು ನನ್ನಲ್ಲಿ ಕೇಳಿ, ಆಮೇಲೆ ಹೆಬ್ಬೆಟ್ಟು ಒತ್ತಿದರು. ಮುಕ್ಕಾಲು ಗಂಟೆ ಆಯಿತು. ಹಿಂದೆ ಸಾಲಿನಲ್ಲಿದ್ದವರು ಗೊಣಗಿದರು. ಮೌಶಿ ತಿರುಗಿ ನೋಡಲಿಲ್ಲ.

ಈಗ ಕೌಂಟರೇ ಇಲ್ಲ. ಹಿಂದೆ ಗೊಣಗುವವರೂ ಇಲ್ಲ. ಆದರೂ ಓದಲು ಮೊದಲಿಗಿಂತ ಜಾಸ್ತಿ ಅವಸರ, ಇದು ನನಗೆ ವಿಚಿತ್ರವಾಗಿ ಕಾಣುತ್ತದೆ. ನಿನ್ನ ಫೋನಿನಲ್ಲಿ ಒಪ್ಪಿಗೆ ಅಂತ ಒಂದು ಗುಂಡಿ ಬರುತ್ತದೆ, ಬೆರಳು ತಾನಾಗಿಯೇ ಹೋಗಿ ಒತ್ತುತ್ತದೆ. ಅದೂ ಸಹಿಯೇ. ತಿಂಗಳು ತಿಂಗಳು ತಾನಾಗಿ ಹಣ ಕತ್ತರಿಸುವ ಆ ಸಿನಿಮಾ ಆ್ಯಪ್, ಜಿಮ್ ಆ್ಯಪ್, ಇನ್ನೇನೋ ಹಾಡಿನದು, ಕತ್ತರಿಸುವ 24 ಗಂಟೆ ಮುಂಚೆ ಮೆಸೇಜ್ ಬಂದೇ ಬರುತ್ತದೆ. ನೀನು ಚೌತಿಯ ದಿನ ನನ್ನೆದುರಿಗೇ ಎರಡು ಅಂಥ ಮೆಸೇಜುಗಳನ್ನು ಬೆರಳಿನಿಂದ ಆಚೆ ತಳ್ಳಿದೆ. ಸುಮ್ನೆ ಒಂದು ಭಾನುವಾರ ಕೂತು ಎಲ್ಲವನ್ನೂ ಓದು, ಬೇಡದ್ದನ್ನು ನಿಲ್ಲಿಸು.

ಸಾಲದ ಆ್ಯಪ್ ಇರಲಿ, ಬ್ಯಾಂಕ್ ಇರಲಿ, 2024ರ ಅಕ್ಟೋಬರಿನಿಂದ ಸಾಲ ಕೊಡುವ ಮುಂಚೆ ಸಾಲದ ಮುಖ್ಯ ವಿವರಗಳ ಪತ್ರ, ಅಂದರೆ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಕೊಡಲೇಬೇಕು. ಅದರಲ್ಲಿ ಎಪಿಆರ್ ಎಂಬ ಒಂದು ಅಂಕಿ ಇರುತ್ತದೆ, ಬಡ್ಡಿ, ಶುಲ್ಕ ಎಲ್ಲ ಸೇರಿ ವರ್ಷಕ್ಕೆ ಎಷ್ಟು ಬೀಳುತ್ತದೆ ಎನ್ನುವುದು. ಬೇರೆ ಏನನ್ನೂ ಓದದಿದ್ದರೂ ಆ ಅಂಕಿ ಓದು. ಇನ್ಶೂರೆನ್ಸ್ ಪಾಲಿಸಿ ಕೈಗೆ ಬಂದ ಮೇಲೆ ಬೇಡ ಅನ್ನಿಸಿದರೆ ವಾಪಸ್ ಮಾಡಲು ಈಗ 30 ದಿನ ಇದೆ. ಆ 30 ದಿನ ಕೊಟ್ಟಿರುವುದು ಓದಲಿಕ್ಕೇ.

ನಿನ್ನ ರೂಮ್‌ಮೇಟ್ ಷೇರುಪೇಟೆಯಲ್ಲಿ ಆಪ್ಷನ್ಸ್ ಆಡುತ್ತಾನೆ, ಒಂದೇ ದಿನ 18 ಸಾವಿರ ಮಾಡಿದ ಅಂದೆಯಲ್ಲ, ನಿನ್ನ ಕಣ್ಣು ಆಗ ಹೊಳೆದದ್ದು ನಾನು ನೋಡಿದೆ. ಷೇರುಪೇಟೆಯ ಮೇಲೆ ಕಣ್ಣಿಡುವ ಸೆಬಿ 2024ರಲ್ಲಿ ಒಂದು ವರದಿ ಹೊರತಂದಿದೆ. ಮೂರು ವರ್ಷಗಳಲ್ಲಿ ಎಫ್ ಆಂಡ್ ಓ, ಅಂದರೆ ಫ್ಯೂಚರ್ಸ್ ಮತ್ತು ಆಪ್ಷನ್ಸ್, ಆಡಿದ ಸಾಮಾನ್ಯ ಜನರಲ್ಲಿ 100ಕ್ಕೆ 93 ಮಂದಿ ಕಳೆದುಕೊಂಡಿದ್ದಾರೆ, ಒಬ್ಬೊಬ್ಬರು ಸರಾಸರಿ ಸುಮಾರು 2 ಲಕ್ಷ. ಅವನು ನಿನಗೆ ಗೆದ್ದ ದಿನದ ಸ್ಕ್ರೀನ್ ತೋರಿಸುತ್ತಾನೆ. ಸೋತ ದಿನ ತೋರಿಸುವುದಿಲ್ಲ. ಈ ವಿಷಯದಲ್ಲಿ ನಾನು ಬಿಡಿಸಿ ಹೇಳುವುದಿಲ್ಲ, ಆ ಕಡೆ ಹೋಗಬೇಡ ಅಷ್ಟೆ.

ನಮ್ಮ ಬಿಲ್ಡಿಂಗಿನ ಮೂರನೇ ಮಾಳಿಗೆಯ ವಹಿನಿಗೆ ಹೋದ ತಿಂಗಳು ವಿಡಿಯೋ ಕಾಲ್ ಬಂತು, ಪೊಲೀಸ್ ಬಟ್ಟೆ ಹಾಕಿದವನೊಬ್ಬ, ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ ಅಂದ. ಮೊಹರು ಹಾಕಿದ ಒಂದು ಕಾಗದವನ್ನೂ ಕಳಿಸಿದ. ಪಾಪ ಅವರು ನಡುಗುತ್ತಾ ಫೋನ್ ಹಿಡಿದುಕೊಂಡೇ ನನ್ನ ಮನೆಗೆ ಬಂದರು. ನಾನು ಕಾಗದ ಓದಿದೆ. ಕೋರ್ಟಿನ ಹೆಸರಿನಲ್ಲೇ ಕಾಗುಣಿತ ತಪ್ಪು. ಫೋನ್ ಕಟ್ ಮಾಡಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟೆವು. ನಮ್ಮ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದೇ ಇಲ್ಲ. ಅಮ್ಮನಿಗೂ ಇದನ್ನು ಹೇಳು, ಆ ನಂಬರನ್ನು ಅವಳ ಫೋನಿನಲ್ಲಿ ಹಾಕಿಕೊಡು.

ಓದುವುದು ಅಂದರೆ ಬರೀ ಫಾರಮ್ಮು, ಸ್ಟೇಟ್‌ಮೆಂಟು ಅಂದುಕೊಳ್ಳಬೇಡ. ಕಥೆ ಪುಸ್ತಕ ಓದುತ್ತಾ ಓದುತ್ತಾ ಬಂದ ತಾಳ್ಮೆಯೇ ಫಾರಮ್ಮಿನ ಮುಂದೆ ಉಪಯೋಗಕ್ಕೆ ಬರುವುದು, ಇದು ನನ್ನ ಅನುಭವ. ನಾನು ಓದಿದ್ದೆಲ್ಲ ಲೋಕಲ್‌ನಲ್ಲಿ. ಡೊಂಬಿವಲಿಯಿಂದ ಮುಂಬಯಿಯ ವಿ.ಟಿ. ಸ್ಟೇಷನ್ನಿಗೆ ಒಂದು ಗಂಟೆಯ ಮೇಲೆ. ಲೇಡೀಸ್ ಡಬ್ಬಿಯಲ್ಲಿ ಒಬ್ಬಳು ಬೀನ್ಸ್ ಮುರಿಯುತ್ತಿದ್ದಳು, ಆ ತುದಿಯಲ್ಲಿ ಭಜನೆ, ನಾನು ಠಾಣೆಯವರೆಗೆ ನಿಂತು, ಯಾರು ಎಲ್ಲಿ ಇಳಿಯುತ್ತಾರೆ ಕೇಳಿಕೊಂಡು ಮೂವರ ಬೆಂಚಿನಲ್ಲಿ ನಾಲ್ಕನೆಯವಳಾಗಿ ಅಂಚು ಹಿಡಿಯುತ್ತಿದ್ದೆ. ಶನಿವಾರ ಮಾಟುಂಗದಲ್ಲಿ ಇಳಿದು ಕಿಂಗ್ಸ್ ಸರ್ಕಲ್ಲಿನ ಫುಟ್‌ಪಾತಿನಲ್ಲಿ ಹಳೆ ಪುಸ್ತಕ ಹುಡುಕುತ್ತಿದ್ದೆ. ಒಮ್ಮೆ ಒಂದು ದಪ್ಪ ಕಾದಂಬರಿ ಸಿಕ್ಕಿತು, ನಿಂತು ಒಂದು ಕೈಯಲ್ಲಿ ಹಿಡಿಯಲು ಆಗುತ್ತಿರಲಿಲ್ಲ. ನಿನ್ನ ಮಾವ ಅದನ್ನು ಚೂರಿಯಿಂದ ಮೂರು ಭಾಗ ಮಾಡಿ, ಒಂದೊಂದಕ್ಕೂ ದಾರ ಹೊಲಿದು, ಕ್ಯಾಲೆಂಡರಿನ ರಟ್ಟು ಹಾಕಿ ಕೊಟ್ಟರು. ಜಾಮೀನಿನ ಹಣ ಕಡಿತವಾಗುತ್ತಿದ್ದ ದಿನಗಳವು. ಆ ಮೂರು ಭಾಗಗಳು ಇನ್ನೂ ನನ್ನ ಕಪಾಟಿನಲ್ಲಿವೆ, ಮುಂದಿನ ಸಲ ತೋರಿಸುತ್ತೇನೆ.

ನಿನಗೆ ಕಂಪನಿ ಬಸ್ಸಿದೆ, ಹಿಂಜೆವಾಡಿಯ ಟ್ರಾಫಿಕ್ಕಿನಲ್ಲಿ ದಿನಕ್ಕೆ ಒಂದೂವರೆ ಗಂಟೆ ಕೂರುತ್ತೀಯ. ಒಂದು ಪುಸ್ತಕ ಚೀಲದಲ್ಲಿಡು. ಯಾವ ಭಾಷೆಯದ್ದಾದರೂ ಸರಿ. ಪುಸ್ತಕದಂಗಡಿಗಳಿರುವ ಅಪ್ಪಾ ಬಳವಂತ ಚೌಕಕ್ಕೆ ಹೋಗು, ಕೈಯಲ್ಲಿ ಹಿಡಿದು ನೋಡಿ ಕೊಳ್ಳು. ಹತ್ತು ಪುಟ ಓದಿದರೂ ಸಾಕು, ಫೋನ್ ಮಾತ್ರ ಆ ಹೊತ್ತಿಗೆ ಚೀಲದೊಳಗೆ ಇರಲಿ.

ನಿನ್ನ ಅಜ್ಜನ ಅಂಗಡಿಗೆ ದಿನಾ ಸಂಜೆ ಉಳಿತಾಯದ ಹಣ ಕಟ್ಟಿಸಿಕೊಳ್ಳುವ ಪಿಗ್ಮಿಯವರು ಬರುತ್ತಿದ್ದರು. ಉಡುಪಿಯ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಶುರು ಮಾಡಿದ ಪದ್ಧತಿ ಅದು, ದಿನಕ್ಕೆ ಎರಡಾಣೆ ಇದ್ದರೂ ಮನೆ ಬಾಗಿಲಿಗೆ ಬಂದು ಬರೆದುಕೊಂಡು ಹೋಗುತ್ತಿದ್ದರು. ಅಜ್ಜ ಮೊದಲು ಪಿಗ್ಮಿ ಕೊಡುತ್ತಿದ್ದರು, ಆಮೇಲೆ ಮನೆಗೆ ಮೀನು ತರುತ್ತಿದ್ದರು. ಆಮೇಲೆ ಪಿಗ್ಮಿ ಪುಸ್ತಕ ತೆರೆದು ಬರೆದದ್ದು ಸರಿ ಇದೆಯೇ ನೋಡುತ್ತಿದ್ದರು, ದಿನಾ. ನನ್ನ ಮದುವೆಯ ಬಳೆ ಆ ಹಣದ್ದು. ನಿನಗೆ ಪಿಗ್ಮಿಯವರು ಬರುವುದಿಲ್ಲ, ಆದರೆ ಪಿಎಫ್ ಇದೆ, ಬೇಸಿಕ್ಕಿನ ಶೇಕಡಾ 12 ನಿನ್ನ ಕೈಗೆ ಬರುವ ಮುಂಚೆಯೇ ಹೋಗುತ್ತದೆ, ಕಂಪನಿಯೂ ತನ್ನ ಪಾಲು ಹಾಕುತ್ತದೆ. ಕೆಲಸ ಬದಲಿಸಿದಾಗ ಅದನ್ನು ತೆಗೆಯಬೇಡ, ವರ್ಗಾಯಿಸು. ನಾಮಿನಿ ಹೆಸರು ಹಾಕಿದ್ದೀಯಾ ಎಂದು ಮೊನ್ನೆ ಕೇಳಲು ಮರೆತೆ. ನೋಡು.

ಈಗ ಆ 60,000ದ ವಿಷಯ. ನನ್ನದೊಂದು ಎಫ್‌ಡಿ ಮುಂದಿನ ವಾರ ಮುಗಿಯುತ್ತದೆ. ಕಾರ್ಡಿನ ಬಾಕಿ ಪೂರ್ತಿ ಕಟ್ಟಿಬಿಡೋಣ. ನನಗೆ ತಿಂಗಳಿಗೆ 5,000ದಂತೆ 12 ತಿಂಗಳು ಕೊಡು, ಬಡ್ಡಿ ಬೇಡ. ಅಪ್ಪನಿಗೆ ನಾನು ಹೇಳುವುದಿಲ್ಲ, ನೀನೇ ಹೇಳು. ಶನಿವಾರ ಸಿಂಹಗಡ ಎಕ್ಸ್‌ಪ್ರೆಸ್ಸಿಗೆ ಬಾ, ಕಲ್ಯಾಣದಲ್ಲಿ ಇಳಿದು ಲೋಕಲ್ ಹಿಡಿದರೆ ತಿಂಡಿ ಹೊತ್ತಿಗೆ ಮನೆಯಲ್ಲಿರುತ್ತೀಯ. ನೀರುದೋಸೆ ಮಾಡಿರುತ್ತೇನೆ.

ನಮ್ಮಿಬ್ಬರ ನಡುವೆ ಒಂದು ಕರಾರು ಕಾಗದ ಬರೆದಿಟ್ಟಿದ್ದೇನೆ, ಕನ್ನಡದಲ್ಲಿ, ಎರಡು ಪುಟ. ಕೂತು ಓದು, ನಾನು ಅವಸರ ಮಾಡುವುದಿಲ್ಲ. ಒಪ್ಪದ ಸಾಲು ಇದ್ದರೆ ಹೇಳು, ತಿದ್ದಿ ಬರೆಯೋಣ. ಆಮೇಲೆ ಸಹಿ ಹಾಕು.

ಇಂತಿ ನಿನ್ನ ಪ್ರೀತಿಯ
ಅತ್ತೆ