641ರಿಂದ ಭಾಗಿಸಿ ನೋಡು

ಪುಟ್ಟಿ,

ಕಾಗದ ಬಂತು. ಸ್ಕೂಲು, ರೂಮು, ಊಟದ ಸಮಾಚಾರವೆಲ್ಲ ನಿಮ್ಮಮ್ಮ ಫೋನಲ್ಲೇ ಒದರಿದ್ದಾಳೆ, ಅದು ಬಿಡು. ಆ ಕೊನೇ ಸಾಲು ಮಾತ್ರ ಮನಸ್ಸಿಂದ ಹೋಗ್ತಿಲ್ಲ. "ಮಕ್ಕಳ ಮುಂದೆ ತಪ್ಪು ಹೇಳಿಬಿಟ್ರೆ ಏನು ಮಾಡ್ಲಿ ಮಾವ?"

ಆ ಭಯ ನನಗೂ ಇತ್ತು. ಯಾರಿಗೂ ಹೇಳಿಲ್ಲ, ನಿನ್ನ ಅತ್ತೆಗೂ.

ಒಂದಿನ ಒಂಬತ್ತನೇ ಕ್ಲಾಸಲ್ಲಿ, ಸುಮ್ನೆ ಜಂಬಕ್ಕೆ, ಪುಸ್ತಕದಲ್ಲಿಲ್ಲದ್ದನ್ನ ಬರೆದೆ. 3, 5, 17, 257, 65537. ಒಂದು ಕಳೆದು, ವರ್ಗ ಮಾಡಿ, ಮತ್ತೆ ಒಂದು ಕೂಡಿಸಿದರೆ ಮುಂದಿನದು ಬರುತ್ತೆ. ಐದೂ ಅವಿಭಾಜ್ಯ ಸಂಖ್ಯೆಗಳೇ. ಹಿಂದಿನ ಬೆಂಚಿನವನೊಬ್ಬ "ಆರನೇದು ಸಾರ್?" ಅಂದ. ಲೆಕ್ಕ ಹಾಕಿದೆ, 4294967297. 429 ಕೋಟಿಗೂ ಜಾಸ್ತಿ. "ಅದೂ ಅವಿಭಾಜ್ಯವೇ" ಅಂದುಬಿಟ್ಟೆ. ಗೊತ್ತಿರಲಿಲ್ಲ ಪುಟ್ಟಿ. ಗೊತ್ತಿಲ್ಲ ಅನ್ನೋಕೆ ನಾಲಿಗೆ ಹೊರಳಲಿಲ್ಲ.

ದಸರಾ ರಜೆ ಮುಗಿಸಿ ಬಂದವನ ರಫ್ ನೋಟ್‌ಬುಕ್ ತುಂಬ ಭಾಗಾಕಾರ. 7, 11, 13 ಅಂತ ಒಂದೊಂದೇ ಅವಿಭಾಜ್ಯದಿಂದ ಭಾಗಿಸ್ತಾ, ಶೇಷಕ್ಕೆ ಸುತ್ತು ಹಾಕ್ತಾ ಹೋಗಿದ್ದ. 641 ಅನ್ನೋದು 116ನೇ ಅವಿಭಾಜ್ಯ. ಅಲ್ಲಿವರೆಗೂ ಹೋಗಿದ್ದಾನೆ! ಅಲ್ಲಿ ಶೇಷ ಸೊನ್ನೆ. ಅದಕ್ಕೆ ಎಷ್ಟು ಸಲ ಸುತ್ತು ಹಾಕಿದ್ದನೋ, ಹಾಳೆ ಹರಿದಿತ್ತು. ನೋಡಿದೆ, ಲೆಕ್ಕ ಸರಿಯಿತ್ತು. "ಇದು ಪರೀಕ್ಷೆಗೆ ಬರಲ್ಲ, ಕೂತ್ಕೋ" ಅಂದೆ. ಕೂತ. ಮತ್ತೆ ಅವನು ಕೈ ಎತ್ತಿದ್ದು ನನಗೆ ನೆನಪಿಲ್ಲ.

ಆಮೇಲೆ ಓದಿದರೆ, ಅದೇ ಕಲ್ಲಿಗೆ ಫರ್ಮಾನೂ ಎಡವಿದ್ದ. ಫ್ರಾನ್ಸಿನ ತುಲೂಸ್‌ನಲ್ಲಿ ಕೋರ್ಟಿನ ಕೆಲಸ, ಬಿಡುವಾದಾಗ ಗಣಿತ. ಈ ಸಾಲಿನವೆಲ್ಲ ಅವಿಭಾಜ್ಯ ಅಂತ ನಂಬಿದ್ದೇನೆ, ಸಾಧಿಸೋಕೆ ಮಾತ್ರ ಆಗಿಲ್ಲ ಅಂತ 1640ರ ಸುಮಾರಿಗೆ ಪತ್ರಗಳಲ್ಲಿ ಬರೆದ. ನೋಡು, ಆಗಿಲ್ಲ ಅಂತ ಅವನು ಬಾಯಿಬಿಟ್ಟು ಹೇಳಿದ. 1732ರಲ್ಲಿ ಆಯ್ಲರ್ ಅನ್ನೋ ಗಣಿತಜ್ಞ 641ನ್ನು ಹಿಡಿದ. ನನ್ನ ಹುಡುಗನಷ್ಟು ಗೋಳೂ ಬೇಕಿಲ್ಲ, ಈ ಸಂಖ್ಯೆಯನ್ನ ಭಾಗಿಸೋ ಅವಿಭಾಜ್ಯ ಯಾವುದೇ ಇರಲಿ, ಅದನ್ನ 64ರಿಂದ ಭಾಗಿಸಿದರೆ 1 ಉಳಿಯಲೇಬೇಕು. ಅಂದರೆ 193, 257, 449, 577, ಆಮೇಲೆ 641. ಐದನೇದಕ್ಕೇ ಸಿಕ್ಕಿತು! ಫರ್ಮಾನಂಥವನಿಗೆ ಒಂದು ಸಂಜೆಯ ಕೆಲಸ, ಅಲ್ವಾ? 65537ರ ಆಚೆ ಈ ಸಾಲಲ್ಲಿ ಇವತ್ತಿನವರೆಗೂ ಒಂದೇ ಒಂದು ಅವಿಭಾಜ್ಯ ಸಿಕ್ಕಿಲ್ಲ. ಆದರೂ ಫರ್ಮಾ ಸಂಖ್ಯೆಗಳು ಅಂತಲೇ ಕರೀತಾರೆ.

ಮತ್ತೆ ನಿನ್ನ ಸಾಲಿಗೇ ಬಂದೆ. ತಪ್ಪು ಹೇಳಿಬಿಟ್ರೆ? ಹೇಳೇ ಹೇಳ್ತೀಯ. ಹೆದರಬೇಡ ಅನ್ನೋಕೆ ನನಗೆ ಬಾಯಿಲ್ಲ. ಗೊತ್ತಿಲ್ಲದ್ದು ಕೇಳಿದರೆ "ನಾಳೆ ನೋಡ್ಕೊಂಡು ಬರ್ತೀನಿ" ಅನ್ನು. ಪ್ರಶ್ನೆನ ಬೋರ್ಡಿನ ಮೂಲೆಯಲ್ಲಿ ಬರೆದಿಡು, ಅಳಿಸಬೇಡಿ ಅಂತ ಕ್ಲಾಸ್ ಲೀಡರ್‌ಗೆ ಹೇಳು. ಬೇರೆ ಏನು ಹೇಳಲಿ? ನಾನೇ ಮಾಡದ್ದನ್ನ ನಿನಗೆ ಮಾಡು ಅನ್ನೋಕೆ ನಾಚಿಕೆ ಆಗುತ್ತೆ.

ಬಿಡುವಾದಾಗ 4294967297ನ್ನು 641ರಿಂದ ಭಾಗಿಸಿ ನೋಡು. 6700417 ಬರಬೇಕು. ಬರದಿದ್ರೆ ತಕ್ಷಣ ಬರಿ, ನಾನೇ ಎಲ್ಲೋ ಅಂಕಿ ತಪ್ಪಿರ್ತೀನಿ.

ನಿನ್ನ ಮಾವ