ಬ್ಯೂಟನಾಲ್ ಕಡೆಗೂ ಸ್ವಲ್ಪ ನೋಡಿ

ಮಾನ್ಯ ಸಂಪಾದಕರೇ,

ಶೇ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲ್ ಬಂದ ಮೇಲೆ ಮಂಡ್ಯದ ಗ್ಯಾರೇಜುಗಳಲ್ಲಿ ಬರೀ ಮೈಲೇಜಿನದೇ ಮಾತು. ಹಳೇ ಬೈಕಿನ ಟ್ಯಾಂಕ್ ಬಿಚ್ಚಿದರೆ ತಳದಲ್ಲಿ ನೀರು, ತುಕ್ಕು. ಎಥೆನಾಲ್ ನೀರು ಹೀರುತ್ತದೆ, ಲೀಟರಿಗೆ ಸುಮಾರು 21 ಮೆಗಾಜೂಲ್ ಶಕ್ತಿ ಅಷ್ಟೇ. ಪೆಟ್ರೋಲ್‌ನಲ್ಲಿ 32. ಎಥೆನಾಲ್ ಥರದ್ದೇ ಇನ್ನೊಂದು ಆಲ್ಕೋಹಾಲ್ ಆದ ಬ್ಯೂಟನಾಲ್‌ನಲ್ಲಿ 27ರ ಹತ್ತಿರ, ನೀರಿನ ಕಾಟವೂ ಕಮ್ಮಿ. ಇದನ್ನೂ ಕಬ್ಬಿನ ಕಾಕಂಬಿ ಹುದುಗಿಸಿಯೇ ತೆಗೆಯಬಹುದು, ಹೊಸ ವಿದ್ಯೆಯೇನಲ್ಲ, ಮೊದಲ ಮಹಾಯುದ್ಧದ ಕಾಲದ್ದು. ತೊಡಕು ಇಲ್ಲದಿಲ್ಲ: ಹುದುಗಿಸುವ ತೊಟ್ಟಿಯಲ್ಲಿ ಬ್ಯೂಟನಾಲ್ ಶೇ 1–2 ಆಗುತ್ತಲೇ ಅದನ್ನು ತಯಾರಿಸುವ ಬ್ಯಾಕ್ಟೀರಿಯಾಕ್ಕೇ ಅದು ವಿಷವಾಗುತ್ತದೆ, ಹಾಗಾಗಿ ಅಷ್ಟು ನೀರಿನಿಂದ ಬೇರ್ಪಡಿಸುವ ಖರ್ಚು ಜಾಸ್ತಿ. ಸುಮ್ನೆ ಎಥೆನಾಲ್ ಒಂದನ್ನೇ ಹಿಡಿದು ಕೂರುವ ಬದಲು, ನಮ್ಮ ಜಿಲ್ಲೆಯ ಒಂದಾದರೂ ಸಕ್ಕರೆ ಕಾರ್ಖಾನೆಯಲ್ಲಿ ಸರ್ಕಾರ ಇದನ್ನು ಪ್ರಯೋಗ ಮಾಡಿಸಬಹುದು ಅಲ್ವಾ?

– ಓದುಗ, ಮಂಡ್ಯ