ವಿಕಿಪೀಡಿಯದಲ್ಲಿ ತೊಡಕಾದರೆ ಎಲ್ಲಿ, ಹೇಗೆ ಕೇಳಬೇಕು?

ಮಾನ್ಯ ಸಂಪಾದಕರೇ,

‘ವಿಕಿಪೀಡಿಯದಲ್ಲಿ ನಮ್ಮೂರಿನ ಮಾಹಿತಿ ತಪ್ಪಾಗಿದೆ. ತಿದ್ದಿದರೆ ಮಾರನೇ ದಿನಕ್ಕೆ ಹಳೆಯದೇ ವಾಪಸ್ ಬಂದಿರುತ್ತದೆ. ಕೇಳೋಣವೆಂದರೆ ಯಾರೂ ಸಿಗುವುದಿಲ್ಲ’ ಎಂಬ ದೂರು ಶಿಕ್ಷಕರಿಂದ, ವಿದ್ಯಾರ್ಥಿಗಳಿಂದ, ನಿವೃತ್ತರಿಂದ ಮತ್ತೆ ಮತ್ತೆ ಕೇಳಿಬರುತ್ತದೆ. ದೂರಿನಲ್ಲಿ ಅರ್ಧ ನಿಜವಿದೆ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ ಇಂದು 30 ಸಾವಿರಕ್ಕೂ ಹೆಚ್ಚು ಲೇಖನಗಳಿವೆ, ಆದರೆ ಅವನ್ನು ನೋಡಿಕೊಳ್ಳುವ ನಿರ್ವಾಹಕರು ಬೆರಳೆಣಿಕೆಯಷ್ಟು ಮಂದಿ. ಎಲ್ಲರೂ ಸಂಬಳವಿಲ್ಲದೆ ಬಿಡುವಿನಲ್ಲಿ ದುಡಿಯುವವರು. ಉತ್ತರ ಬರಲು ಕೆಲವು ದಿನ ಹಿಡಿಯಬಹುದು. ಉಳಿದರ್ಧಕ್ಕೆ ಕಾರಣ ಬೇರೆ: ಕೇಳುವವರು ಕೇಳಬೇಕಾದ ಜಾಗದಲ್ಲಿ ಕೇಳುವುದಿಲ್ಲ, ಕೇಳಿದರೂ ಉತ್ತರ ಕೊಡಲು ಬೇಕಾದಷ್ಟು ವಿವರ ಬರೆಯುವುದಿಲ್ಲ. ಇದನ್ನು ಕಲಿಯಲು ಒಂದು ಸಂಜೆ ಸಾಕು.

ಮೊದಲು ಗಮನಿಸಬೇಕಾದದ್ದು ನೀವು ಯಾವ ವಿಕಿಪೀಡಿಯದಲ್ಲಿದ್ದೀರಿ ಎಂಬುದು. ಕನ್ನಡ, ಇಂಗ್ಲಿಷ್, 2016ರಲ್ಲಿ ಬಂದ ತುಳು, ಇವೆಲ್ಲ ಪ್ರತ್ಯೇಕ ಯೋಜನೆಗಳು. ನಿಮ್ಮ ಖಾತೆ ಒಂದೇ ಆದರೂ ನಿಯಮ ಬೇರೆ, ನಿರ್ವಾಹಕರು ಬೇರೆ. ಕನ್ನಡದ ಲೇಖನ ಅಳಿಸಿದ್ದಕ್ಕೆ ಇಂಗ್ಲಿಷ್ ವಿಕಿಪೀಡಿಯದಲ್ಲಿ ಹೊಸಬರು ಪ್ರಶ್ನೆ ಕೇಳುವ ಪುಟವಾದ ಟೀಹೌಸ್‌ಗೆ ಹೋಗಿ ಕೇಳಿದರೆ ಅಲ್ಲಿನವರು ಮರ್ಯಾದೆಯಿಂದಲೇ ‘ಇದು ನಮ್ಮ ಕೈಯಲ್ಲಿಲ್ಲ’ ಎನ್ನುತ್ತಾರೆ.

ತಿದ್ದಿದ್ದು ಮಾಯವಾದರೆ ಮತ್ತೆ ಅದನ್ನೇ ಬರೆಯಲು ಹೋಗಬೇಡಿ. ಲೇಖನದ ಮೇಲ್ಭಾಗದ ‘ಇತಿಹಾಸ’ ಟ್ಯಾಬ್ ತೆರೆಯಿರಿ. ಪ್ರತಿ ಬದಲಾವಣೆಯ ಎದುರು ದಿನಾಂಕ, ಗಂಟೆ, ಮಾಡಿದವರ ಹೆಸರು, ಪುಟ್ಟದೊಂದು ಷರಾ ಇರುತ್ತದೆ. ‘ಉಲ್ಲೇಖವಿಲ್ಲ’, ‘ಕೃತಿಸ್ವಾಮ್ಯ’, ‘ಜಾಹೀರಾತು’ ಎಂಬಂಥ ಒಂದು ಪದವಾದರೂ ಸಾಮಾನ್ಯವಾಗಿ ಅಲ್ಲಿ ಸಿಗುತ್ತದೆ. ಎಷ್ಟೋ ಜಗಳಗಳು ಆ ಷರಾ ಓದಿದರೆ ಅಲ್ಲೇ ಮುಗಿಯುವಂಥವು. ಓದಿಯೂ ಒಪ್ಪಿಗೆಯಾಗದಿದ್ದರೆ ನಿಮ್ಮ ಆವೃತ್ತಿಗೂ ಅವರ ಆವೃತ್ತಿಗೂ ಇರುವ ವ್ಯತ್ಯಾಸ ತೋರಿಸುವ ಕೊಂಡಿಯನ್ನು ಒತ್ತಿ, ಆ ಪುಟದ ವಿಳಾಸವನ್ನು ನಕಲು ಮಾಡಿಟ್ಟುಕೊಳ್ಳಿ. ಮುಂದೆ ಯಾರನ್ನು ಕೇಳಿದರೂ ಮೊದಲು ಕೊಡಬೇಕಾದದ್ದು ಈ ವಿಳಾಸವನ್ನೇ.

ಕೇಳುವ ಜಾಗಗಳು ಮೂರು. ವಿಷಯ ಲೇಖನದ ಒಳಗಿನದಾದರೆ ಅದೇ ಲೇಖನದ ಚರ್ಚೆ ಪುಟ. ನಿರ್ದಿಷ್ಟ ವ್ಯಕ್ತಿ ಮಾಡಿದ ಬದಲಾವಣೆಯಾದರೆ ಆ ಸದಸ್ಯರ ಚರ್ಚೆ ಪುಟ. ಇವೆರಡಕ್ಕೂ ಸೇರದ್ದು, ಅಥವಾ ವಾರ ಕಳೆದರೂ ಉತ್ತರ ಬಾರದ್ದು ಎಲ್ಲರೂ ಸೇರುವ ಸಾಮಾನ್ಯ ಚರ್ಚೆಯ ಪುಟವಾದ ‘ಅರಳಿ ಕಟ್ಟೆ’ಗೆ. ಹುಡುಕು ಪೆಟ್ಟಿಗೆಯಲ್ಲಿ ‘ವಿಕಿಪೀಡಿಯ:ಅರಳಿ ಕಟ್ಟೆ’ ಎಂದು ಬರೆದರೆ ಅದು ತೆರೆಯುತ್ತದೆ. ಸಣ್ಣ ಲೇಖನಗಳ ಚರ್ಚೆ ಪುಟಗಳನ್ನು ಕಾಯುವವರು ಕಡಿಮೆ. ಅಲ್ಲಿ ಬರೆದು ಸುಮ್ಮನೆ ಕೂರುವ ಬದಲು ಲೇಖನಕ್ಕೆ ಹಿಂದೆ ಹೆಚ್ಚು ಕೆಲಸ ಮಾಡಿದ ಸದಸ್ಯರ ಹೆಸರನ್ನು ಇತಿಹಾಸದಿಂದ ತೆಗೆದು, ನಿಮ್ಮ ಪ್ರಶ್ನೆಯಲ್ಲಿ ಅವರ ಸದಸ್ಯ ಪುಟಕ್ಕೆ ಕೊಂಡಿ ಕೊಡಿ, ಅವರಿಗೆ ಸೂಚನೆ ತಲುಪುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಹೆಸರಿನ ಕೊಂಡಿ ಮತ್ತು ನಿಮ್ಮ ಸಹಿ (ಸಾಲಿನ ಕೊನೆಗೆ ~~~~ ಎಂದು ನಾಲ್ಕು ಟಿಲ್ಡೆ) ಒಂದೇ ಸಲಕ್ಕೆ ಉಳಿಸಿದಾಗ ಮಾತ್ರ ಸೂಚನೆ ಹೋಗುತ್ತದೆ. ಸಹಿ ಮರೆತು ಆಮೇಲೆ ಸೇರಿಸಿದರೆ ಹೋಗುವುದಿಲ್ಲ. ‘ಕೇಳಿದೆ, ಯಾರೂ ತಿರುಗಿ ನೋಡಲಿಲ್ಲ’ ಎನ್ನುವ ಎಷ್ಟೋ ಪ್ರಸಂಗಗಳಲ್ಲಿ ಪ್ರಶ್ನೆ ಯಾರಿಗೂ ತಲುಪಿರುವುದೇ ಇಲ್ಲ.

‘ನನ್ನ ಪುಟ ಸರಿಯಾಗಿ ಬರುತ್ತಿಲ್ಲ, ದಯವಿಟ್ಟು ಸಹಾಯ ಮಾಡಿ’ ಎಂಬ ಪ್ರಶ್ನೆಗೆ ಯಾರೂ ಉತ್ತರ ಕೊಡಲಾರರು. ಪುಟದ ಪೂರ್ತಿ ಹೆಸರು, ಏನು ಮಾಡಲು ಹೊರಟಿದ್ದಿರಿ, ಏನಾಯಿತು, ಪರದೆಯ ಮೇಲೆ ಬಂದ ದೋಷದ ಮಾತು ಅಕ್ಷರಶಃ ಏನು, ಮೊಬೈಲ್ ಆ್ಯಪ್ಪೋ ಬ್ರೌಸರೋ, ತಿದ್ದಿದ್ದು ದೃಶ್ಯ ಸಂಪಾದಕದಲ್ಲೋ (ಪುಟ ಕಾಣುವಂತೆಯೇ ತಿದ್ದುವುದು) ಮೂಲ ಪಠ್ಯದಲ್ಲೋ (ಸಂಕೇತಗಳ ಸಮೇತ ತಿದ್ದುವುದು), ಇಷ್ಟು ಬರೆಯಿರಿ. ಸಿಟ್ಟನ್ನು ಎರಡನೇ ಪತ್ರಕ್ಕೆ ಇಟ್ಟುಕೊಳ್ಳಬಹುದು.

ಇನ್ನು ‘ಉಳಿಸಲು ಆಗುತ್ತಿಲ್ಲ’ ಎಂಬ ತೊಡಕು. ಮೊಬೈಲ್ ಕಂಪನಿಗಳ ಅಂತರ್ಜಾಲದಲ್ಲಿ ಒಂದೇ ಐಪಿ ವಿಳಾಸವನ್ನು (ಅಂತರ್ಜಾಲ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಸಾವಿರಾರು ಜನ ಹಂಚಿಕೊಳ್ಳುತ್ತಾರೆ. ಯಾರೋ ಕಿಡಿಗೇಡಿಗೆ ಹಾಕಿದ ತಡೆ ನಿಮಗೂ ತಟ್ಟುತ್ತದೆ. ಖಾತೆ ತೆರೆದು ಲಾಗಿನ್ ಆದರೆ ಸಾಮಾನ್ಯವಾಗಿ ದಾರಿ ಸಿಗುತ್ತದೆ, ವಿಪಿಎನ್ ಇದ್ದರೆ ಅದನ್ನು ಆರಿಸಿ. ಹೊಸ ಸದಸ್ಯರು ಹೊರಗಿನ ಕೊಂಡಿ ಸೇರಿಸಿದಾಗ ಕ್ಯಾಪ್ಚಾ, ಅಂದರೆ ಚಿತ್ರದಲ್ಲಿರುವ ಅಕ್ಷರಗಳನ್ನು ಓದಿ ಬರೆಯುವ ಪರೀಕ್ಷೆ, ಬರುತ್ತದೆ. ಅದನ್ನು ಇಂಗ್ಲಿಷ್ ಅಕ್ಷರಗಳಲ್ಲೇ ತುಂಬಬೇಕು, ಆದರೆ ಕನ್ನಡ ಕೀಲಿಮಣೆ ಚಾಲೂ ಇದ್ದರೆ ಕನ್ನಡವೇ ಮೂಡಿ ಸಲ ಸಲಕ್ಕೂ ತಪ್ಪೆನ್ನುತ್ತದೆ. ವಿಕಿಪೀಡಿಯದ್ದೇ ಕೀಲಿಮಣೆಯಾದರೆ ಕಂಟ್ರೋಲ್ ಮತ್ತು ಎಂ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಭಾಷೆ ಬದಲಾಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಬಂದ ಮೊಟಕು ಕೊಂಡಿಗಳನ್ನು ಉಲ್ಲೇಖಕ್ಕೆ ಹಾಕಿದರೂ ಪುಟ ಉಳಿಯುವುದಿಲ್ಲ. ಬಿಟ್ಲಿಯಂಥ ಮೊಟಕು ವಿಳಾಸಗಳು ಎಲ್ಲ ವಿಕಿಗಳಿಗೂ ಅನ್ವಯಿಸುವ ಕಪ್ಪುಪಟ್ಟಿಯಲ್ಲಿವೆ. ಕೊಂಡಿಯನ್ನು ತೆರೆದು ಮೂಲ ತಾಣದ ಪೂರ್ಣ ವಿಳಾಸ ಹಾಕಬೇಕು.

ಕಾಲೇಜುಗಳಲ್ಲಿ ಕಾರ್ಯಾಗಾರ ನಡೆಸುವವರಿಗೊಂದು ಮಾತು. ಒಂದು ಐಪಿ ವಿಳಾಸದಿಂದ ದಿನಕ್ಕೆ 6 ಖಾತೆಗಳನ್ನಷ್ಟೇ ತೆರೆಯಬಹುದು. ಅರವತ್ತು ಮಕ್ಕಳ ಪ್ರಯೋಗಾಲಯದಲ್ಲಿ ಏಳನೆಯವರಿಂದ ಎಲ್ಲರಿಗೂ ದೋಷ ಬರುತ್ತದೆ, ಉದ್ಘಾಟನೆಯ ಭಾಷಣ ಮುಗಿದ ಮೇಲೆ ಯಾರಿಗೂ ಕೆಲಸವಿರುವುದಿಲ್ಲ. ಹಿಂದಿನ ದಿನವೇ ಮಕ್ಕಳು ಮನೆಯಿಂದ ಖಾತೆ ತೆರೆದು ಬರಲಿ. ಅದಾಗದಿದ್ದರೆ ಕಾಲೇಜಿನ ಐಪಿ ವಿಳಾಸ, ದಿನಾಂಕ, ಅಂದಾಜು ಸಂಖ್ಯೆ ಕೊಟ್ಟು ಫ್ಯಾಬ್ರಿಕೇಟರ್ ಎಂಬ ತಾಣದಲ್ಲಿ ಸಾಕಷ್ಟು ಮುಂಚಿತವಾಗಿ ವಿನಾಯಿತಿ ಕೋರಬಹುದು. ವಿಕಿ ತಂತ್ರಾಂಶದ ದೋಷಗಳನ್ನು ತಿಳಿಸುವ ಜಾಗವೂ ಅದೇ, ಅಲ್ಲಿಗೂ ನಿಮ್ಮ ವಿಕಿ ಖಾತೆಯೇ ಸಾಕು.

ಇಂಗ್ಲಿಷ್ ಸಹಾಯ ಪುಟಗಳಲ್ಲಿ ಎಷ್ಟು ಹುಡುಕಿದರೂ ಪರಿಹಾರ ಸಿಗದ ತೊಡಕುಗಳಿವೆ. ಅವು ನಮ್ಮ ಲಿಪಿಯವು. ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪು ಮಾಡಿಟ್ಟ ಲೇಖನವನ್ನು ತಂದು ಅಂಟಿಸಿದರೆ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ರಾಶಿ ಬೀಳುತ್ತದೆ, ಕಾವಲು ಕಾಯುವವರು ಅದನ್ನು ಕಿಡಿಗೇಡಿತನವೆಂದು ತೆಗೆದುಹಾಕುತ್ತಾರೆ. ಅದನ್ನು ಮೊದಲು ಎಲ್ಲ ಗಣಕಗಳೂ ಓದಬಲ್ಲ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ಪರಿವರ್ತಿಸಬೇಕು. ಪರಿವರ್ತಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಒಂದು ಸಲ ಕಣ್ಣಾಡಿಸಿ ನೋಡಬೇಕು, ಕೆಡುವುದು ಹೆಚ್ಚಾಗಿ ಅಲ್ಲೇ. ಅನುಸ್ವಾರದ (ಂ) ಜಾಗದಲ್ಲಿ ಕನ್ನಡದ ಸೊನ್ನೆ (೦) ಒತ್ತುವುದು ಇನ್ನೊಂದು ಪಿಡುಗು. ಕಣ್ಣಿಗೆ ಎರಡೂ ಒಂದೇ, ಗಣಕಕ್ಕೆ ಬೇರೆ ಬೇರೆ. ‘ಬೆ೦ಗಳೂರು’ ಎಂದು ಸೊನ್ನೆ ಹಾಕಿ ಬರೆದ ಪದ ಹುಡುಕಾಟದಲ್ಲಿ ಸಿಗುವುದಿಲ್ಲ, ಅದರ ಕೊಂಡಿ ಆ ಹೆಸರಿನ ಲೇಖನವೇ ಇಲ್ಲವೆಂಬಂತೆ ಕೆಂಪಾಗಿಯೇ ಉಳಿಯುತ್ತದೆ.

ಶೀರ್ಷಿಕೆಗಳಲ್ಲಿ ಕಾಣದ ಅಕ್ಷರವೊಂದು ಸೇರಿಕೊಳ್ಳುತ್ತದೆ. ‘ರಾಜ್‌ಕುಮಾರ್’ ಎಂದು ಜಕಾರಕ್ಕೆ ಕಕಾರ ಒತ್ತಾಗಿ ಬೀಳದಂತೆ ಬರೆಯಲು ನಡುವೆ ಶೂನ್ಯ ಅಗಲದ ಚಿಹ್ನೆಯೊಂದನ್ನು ಹಾಕುತ್ತೇವೆ. ಅದು ಇರುವ ಶೀರ್ಷಿಕೆ ಬೇರೆ, ಇಲ್ಲದ ಶೀರ್ಷಿಕೆ ಬೇರೆ. ಅದರಿಂದಾಗಿ ಒಂದೇ ವಿಷಯಕ್ಕೆ ಎರಡು ಲೇಖನ ಹುಟ್ಟುತ್ತವೆ. ‘ಲೇಖನ ಇಲ್ಲವೆಂದು ತೋರಿಸಿತು, ಬರೆದೆ, ಆಮೇಲೆ ನಕಲಿ ಎಂದು ಅಳಿಸಿದರು’ ಎಂಬ ಕೊರಗಿನ ಹಿಂದೆ ಹಲವು ಸಲ ಇದೇ ಇರುತ್ತದೆ. ಹೊಸ ಲೇಖನಕ್ಕೆ ಮುನ್ನ ಹೆಸರಿನ ಎರಡು ಮೂರು ಕಾಗುಣಿತಗಳಲ್ಲಿ ಹುಡುಕಿ, ಇಂಗ್ಲಿಷ್ ಲೇಖನದ ಭಾಷೆಗಳ ಪಟ್ಟಿಯಲ್ಲಿ ‘ಕನ್ನಡ’ ಇದೆಯೇ ಎಂದೂ ನೋಡಿ. ಈಗಾಗಲೇ ಎರಡಿದ್ದರೆ ಅರಳಿ ಕಟ್ಟೆಯಲ್ಲಿ ಎರಡರ ಕೊಂಡಿಯನ್ನೂ ಕೊಟ್ಟು ವಿಲೀನಕ್ಕೆ ಕೇಳಿ. ಒಂದರ ಪಠ್ಯವನ್ನು ಇನ್ನೊಂದಕ್ಕೆ ನೀವೇ ಸದ್ದಿಲ್ಲದೆ ಅಂಟಿಸಿದರೆ ಬರೆದವರ ಹೆಸರಿನ ದಾಖಲೆ ಕಳೆದುಹೋಗುತ್ತದೆ.

ಟೆಂಪ್ಲೇಟುಗಳೂ (ಹಲವು ಪುಟಗಳಲ್ಲಿ ಬಳಸುವ ಸಿದ್ಧ ಅಚ್ಚುಗಳು) ಕನ್ನಡದ ಅಂಕಿಗಳಿಗೆ ಮುನಿಯುತ್ತವೆ. ಜನ್ಮದಿನದಿಂದ ವಯಸ್ಸು ಲೆಕ್ಕ ಹಾಕುವ ಟೆಂಪ್ಲೇಟಿಗೆ ೧೯೬೫ ಎಂದು ಕೊಟ್ಟರೆ ಲೆಕ್ಕದ ದೋಷ ಬರುತ್ತದೆ, 1965 ಎಂದರೆ ಸರಿ. ಇಂಗ್ಲಿಷ್‌ನ ಮಾಹಿತಿ ಪೆಟ್ಟಿಗೆಯನ್ನು (ಲೇಖನದ ಪಕ್ಕದಲ್ಲಿ ಮುಖ್ಯ ವಿವರ ತೋರಿಸುವ ಕೋಷ್ಟಕ) ಹಾಗೇ ತಂದಾಗ ಕಾಣುವ ಕೆಂಪು ‘ಸ್ಕ್ರಿಪ್ಟ್ ದೋಷ’ಕ್ಕೆ ಕಾರಣ ಅದರ ಹಿಂದೆ ಕೆಲಸ ಮಾಡುವ ಪುಟ್ಟ ಪ್ರೋಗ್ರಾಂ ಆದ ಮಾಡ್ಯೂಲ್ ಕನ್ನಡದಲ್ಲಿ ಇಲ್ಲದಿರುವುದು ಅಥವಾ ಹಳತಾಗಿರುವುದು. ಹೊಸಬರು ಅದನ್ನು ಆಮದು ಮಾಡಲು ಹೋಗಬಾರದು. ಒಂದು ಮಾಡ್ಯೂಲ್ ಬದಲಿಸಿದರೆ ಸಾವಿರಾರು ಪುಟಗಳು ಒಟ್ಟಿಗೆ ಕೆಡಬಹುದು. ಕನ್ನಡದಲ್ಲೇ ಚೆನ್ನಾಗಿ ನಡೆಯುತ್ತಿರುವ ಅದೇ ಬಗೆಯ ಲೇಖನದಿಂದ ಪೆಟ್ಟಿಗೆಯನ್ನು ನಕಲು ಮಾಡಿ ವಿವರ ಬದಲಿಸುವುದು ಕ್ಷೇಮ.

‘ತಿದ್ದಿದೆ, ಆದರೂ ತಪ್ಪೇ ಕಾಣುತ್ತಿದೆ’ ಎಂಬುದಕ್ಕೆ ವಿಜಯನಗರ ಜಿಲ್ಲೆ ಒಳ್ಳೆಯ ಉದಾಹರಣೆ. 2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ಈ ಜಿಲ್ಲೆಯ ಹಳ್ಳಿಯೊಂದರ ಲೇಖನದಲ್ಲಿ ಜಿಲ್ಲೆಯ ಹೆಸರು ಮೊದಲ ವಾಕ್ಯದಲ್ಲಿರುತ್ತದೆ, ಮಾಹಿತಿ ಪೆಟ್ಟಿಗೆಯಲ್ಲಿರುತ್ತದೆ, ಪುಟದ ಕೊನೆಯ ವರ್ಗದಲ್ಲಿರುತ್ತದೆ, ಎಲ್ಲ ಭಾಷೆಗಳ ವಿಕಿಗಳಿಗೂ ಅಂಕಿಅಂಶ ಒದಗಿಸುವ ವಿಕಿಡೇಟಾ ಎಂಬ ಬೇರೆಯೇ ತಾಣದಲ್ಲಿಯೂ ಇರುತ್ತದೆ. ಪೆಟ್ಟಿಗೆ ವಿಕಿಡೇಟಾದಿಂದ ಮಾಹಿತಿ ಎಳೆದುಕೊಳ್ಳುವಂಥದಾದರೆ ಲೇಖನದಲ್ಲಿ ಎಷ್ಟು ಹುಡುಕಿದರೂ ‘ಬಳ್ಳಾರಿ’ ಸಿಗುವುದಿಲ್ಲ, ಅದನ್ನು ಅಲ್ಲೇ ಹೋಗಿ ತಿದ್ದಬೇಕು. ಹರಪನಹಳ್ಳಿ ತಾಲ್ಲೂಕಿನದು ಇನ್ನೂ ಸಿಕ್ಕಲು. 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, ಆಮೇಲೆ ವಿಜಯನಗರಕ್ಕೆ ಸೇರಿತು. ಅಲ್ಲಿನ ಊರುಗಳ ಬಗ್ಗೆ ಹಳೆಯ ಆಧಾರ ಹಿಡಿದು ವಾದಿಸುವ ಇಬ್ಬರೂ ಅವರವರ ಕಾಲಕ್ಕೆ ಸರಿಯೇ. ಇಂಥಲ್ಲಿ ವಾಕ್ಯದೊಳಗೆ ಇಸವಿ ಸೇರಿಸಿದರೆ ಜಗಳ ತಣ್ಣಗಾಗುತ್ತದೆ.

ಅಳಿಸಿದ ಲೇಖನ ಪೂರ್ತಿ ನಾಶವಾಗುವುದಿಲ್ಲ. ಅದೇ ಶೀರ್ಷಿಕೆಯ ಪುಟಕ್ಕೆ ಹೋದರೆ ಅಳಿಸಿದವರ ಹೆಸರು, ಕಾರಣ ಕಾಣುತ್ತವೆ. ಕೃತಿಸ್ವಾಮ್ಯದ ತಕರಾರಿಲ್ಲದಿದ್ದರೆ ಪಠ್ಯವನ್ನು ನಿಮ್ಮ ಸದಸ್ಯ ಪುಟದ ಉಪಪುಟಕ್ಕೆ ಮರಳಿಸಿಕೊಡಿ ಎಂದು ನಿರ್ವಾಹಕರನ್ನು ಕೇಳಬಹುದು. ಕೃತಿಸ್ವಾಮ್ಯದ ತಕರಾರಿದ್ದರೆ ಆಸೆ ಬಿಡಿ. ಪತ್ರಿಕೆಯ ಬರಹದಲ್ಲಿ ನಾಲ್ಕು ಪದ ಹಿಂದೆ ಮುಂದೆ ಮಾಡಿದರೂ ಅದು ನಕಲೇ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಪಠ್ಯವನ್ನು ಮಾತ್ರ, 2014ರಲ್ಲಿ ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಪರವಾನಗಿಯಡಿ ಬಿಡುಗಡೆಯಾದ ಸಂಪುಟಗಳಿಂದ, ಮೂಲ ನಮೂದಿಸಿ ಬಳಸಬಹುದು. ಚಿತ್ರಗಳಿಗೂ ಇದೇ ಕಟ್ಟು: ಗೂಗಲ್‌ನಲ್ಲಿ ಸಿಕ್ಕಿದ್ದು ಬೇಡ, ನೀವೇ ತೆಗೆದದ್ದನ್ನು ವಿಕಿಯ ಚಿತ್ರಭಂಡಾರವಾದ ವಿಕಿಮೀಡಿಯ ಕಾಮನ್ಸ್‌ಗೆ ಏರಿಸಿ. ಬೇರೆಯವರು ತೆಗೆದದ್ದಾದರೆ ಅವರೇ ಇಮೇಲ್ ಮೂಲಕ ಒಪ್ಪಿಗೆ ಕಳಿಸಬೇಕು.

ಯಂತ್ರಾನುವಾದವನ್ನು ಹಾಗೇ ಪ್ರಕಟಿಸಿ, ಅಳಿಸಿದಾಗ ಸಹಾಯ ಕೇಳುವವರೂ ಇದ್ದಾರೆ. ಸುಮಾರು ಒಂದೂವರೆ ದಶಕದ ಹಿಂದೆ ಗೂಗಲ್‌ನ ಅನುವಾದ ಯೋಜನೆಯಲ್ಲಿ ಬಂದ ಉದ್ದುದ್ದ ಲೇಖನಗಳನ್ನು ಕನ್ನಡ ವಿಕಿಪೀಡಿಯ ಇನ್ನೂ ಪೂರ್ತಿ ತಿದ್ದಿ ಮುಗಿಸಿಲ್ಲ. ಆದ್ದರಿಂದ ಈ ವಿಷಯದಲ್ಲಿ ನಿರ್ವಾಹಕರ ಸಹನೆ ಕಡಿಮೆ, ಅದರಲ್ಲಿ ತಪ್ಪೂ ಇಲ್ಲ. ಅನುವಾದದ ಸಲಕರಣೆ ಪ್ಯಾರಾ ಪಕ್ಕದಲ್ಲಿ ಎಚ್ಚರಿಕೆ ತೋರಿಸಿದರೆ ಆ ಪ್ಯಾರಾವನ್ನು ನಿಮ್ಮ ಮಾತಿನಲ್ಲಿ ಮತ್ತೆ ಬರೆಯಿರಿ. ಹತ್ತು ಪ್ಯಾರಾ ಬೇಕಿಲ್ಲ, ಸರಿಯಾದ ಮೂರು ಸಾಕು.

ಒಂದು ಎಚ್ಚರಿಕೆ. ‘ನಿಮ್ಮ ಪುಟ ಅಳಿಸಿಹೋಗುತ್ತಿದೆ, ಇಷ್ಟು ಹಣ ಕೊಟ್ಟರೆ ಉಳಿಸುತ್ತೇವೆ’ ಎಂದು ಇಮೇಲ್ ಅಥವಾ ಕರೆ ಬಂದರೆ ಅದು ಮೋಸ. ವಿಕಿಪೀಡಿಯದ ನಿರ್ವಾಹಕರು ಯಾವ ಕೆಲಸಕ್ಕೂ ಹಣ ಕೇಳುವುದಿಲ್ಲ. ಕಲಾವಿದರು, ವೈದ್ಯರು, ಸಣ್ಣ ಉದ್ಯಮಿಗಳು ಇಂಥವರ ಬಲೆಗೆ ಬೀಳುತ್ತಾರೆ. ನಿಮ್ಮ ಬಗ್ಗೆಯೇ ಇರುವ ಲೇಖನದಲ್ಲಿ ತಪ್ಪಿದ್ದರೆ ನೀವೇ ತಿದ್ದಬೇಡಿ. ಚರ್ಚೆ ಪುಟದಲ್ಲಿ ನೀವು ಯಾರೆಂದು ಹೇಳಿ, ತಪ್ಪು ವಾಕ್ಯ, ಸರಿಯಾದ ವಾಕ್ಯ, ಆಧಾರ ಈ ಮೂರನ್ನು ಬರೆದು ಬೇರೆಯವರಿಂದ ತಿದ್ದಿಸಿ.

ಕೊನೆಗೆ ತಮ್ಮಲ್ಲೇ ಒಂದು ಕೋರಿಕೆ. ಅಳಿಸಿದ ಮಾಹಿತಿಯಲ್ಲಿ ದೊಡ್ಡ ಪಾಲು ಸುಳ್ಳಲ್ಲ, ಆಧಾರವಿಲ್ಲದ್ದು. ಕರ್ನಾಟಕದ ಊರು, ಜಾತ್ರೆ, ರಂಗತಂಡಗಳಿಗೆ ಆಧಾರವೆಂದರೆ ಕನ್ನಡ ಪತ್ರಿಕೆಗಳೇ. ಅಂತರ್ಜಾಲದಲ್ಲಿ ಇಲ್ಲದ ಮುದ್ರಿತ ವರದಿಯೂ ಪೂರ್ಣ ಮಾನ್ಯ ಉಲ್ಲೇಖ ಎಂಬುದು ಅನೇಕರಿಗೆ ಗೊತ್ತಿಲ್ಲ. ಪತ್ರಿಕೆಯ ಹೆಸರು, ವರದಿಯ ಶೀರ್ಷಿಕೆ, ದಿನಾಂಕ, ಪುಟ ಸಂಖ್ಯೆ ಕೊಟ್ಟರೆ ಆಯಿತು. ಜಿಲ್ಲಾ ಪುಟಗಳು ಆವೃತ್ತಿಯಿಂದ ಆವೃತ್ತಿಗೆ ಬದಲಾಗುವುದರಿಂದ ಹುಬ್ಬಳ್ಳಿಯದೋ ಮಂಗಳೂರಿನದೋ ಎಂದೂ ಸೇರಿಸಬೇಕು. ಜಾಲತಾಣಗಳು ಹೊಸ ವಿನ್ಯಾಸಕ್ಕೆ ಬದಲಾದಾಗಲೆಲ್ಲ ಹಳೆಯ ವರದಿಗಳ ವಿಳಾಸ ಸತ್ತುಹೋಗಿ ನೂರಾರು ಲೇಖನಗಳ ಅಡಿಟಿಪ್ಪಣಿಗಳು ಒಮ್ಮೆಲೇ ನಿಷ್ಪ್ರಯೋಜಕವಾಗುತ್ತವೆ. ಉಲ್ಲೇಖ ಸೇರಿಸುವವರು ವರದಿಯ ಪ್ರತಿಯನ್ನು ಜಾಲಪುಟಗಳ ಸಂಗ್ರಹಾಲಯವಾದ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಉಳಿಸಿ ಆ ವಿಳಾಸವನ್ನೂ ಕೊಡಬಹುದು. ಆದರೆ ತಾಣ ಬದಲಿಸುವಾಗ ಹಳೆಯ ವಿಳಾಸಗಳನ್ನು ಹೊಸದಕ್ಕೆ ತಿರುಗಿಸುವ ಏರ್ಪಾಡು ಪತ್ರಿಕೆಗಳ ಕೈಯಲ್ಲಷ್ಟೇ ಇದೆ. ತಮ್ಮ ತಾಂತ್ರಿಕ ವಿಭಾಗಕ್ಕೆ ಈ ಮಾತು ತಲುಪಿಸಬೇಕು, ಪ್ರತಿ ವರದಿಯ ಜೊತೆ ಪ್ರಕಟವಾದ ದಿನಾಂಕ ಮತ್ತು ಆವೃತ್ತಿಯ ಹೆಸರು ಕಾಣುವಂತೆ ಮಾಡಬೇಕು ಎಂದು ಕೋರುತ್ತೇವೆ.

ಇಂತಿ,
ಕನ್ನಡ ವಿಕಿಪೀಡಿಯದ ಕೆಲವು ಸಂಪಾದಕರು